ಚರ್ಚಿನ ಗಂಟೆ ಮತ್ತು ಸೂಚನಾ ಫಲಕ

ಸ್ಕಾಟ್‌ಲೆಂಡಿನ ಒಂದು ಪುಟ್ಟ ದ್ವೀಪದಲ್ಲಿ ಆರುನೂರು ವರ್ಷ ಹಳೆಯದಾದ ಚರ್ಚೊಂದಿತ್ತು. ಅಲ್ಲಿನ ಕಂಚಿನ ಗಂಟೆಯನ್ನು ನೋಡಲು ಪ್ರವಾಸಿಗರು ದೋಣಿಯಲ್ಲಿ ಬರುತ್ತಿದ್ದರು. ಗಂಟೆಯ ಎದುರಿಗೆ 'ಮುಟ್ಟಬಾರದು' ಎಂಬ ಫಲಕ ನಿಂತಿತ್ತು.

ಒಂದು ಮಧ್ಯಾಹ್ನ ಸಮುದ್ರದ ಮೇಲೆ ದಟ್ಟ ಮಂಜು ಕವಿಯಿತು. ಪ್ರವಾಸಿಗರ ದೋಣಿ ದಾರಿ ತಪ್ಪಿ ಬಂಡೆಗಳತ್ತ ತೇಲತೊಡಗಿತು. ಅದರಲ್ಲಿದ್ದವರ ಕೂಗು ಚರ್ಚಿನವರೆಗೂ ಕೇಳಿಸಿತು.

"ಯಾರಾದರೂ ನನ್ನನ್ನು ಬಾರಿಸಲಿ. ಸದ್ದಿನ ಜಾಡು ಹಿಡಿದು ಅವರು ದಡಕ್ಕೆ ಬರುತ್ತಾರೆ," ಎಂದಿತು ಗಂಟೆ.

"ಕೂಡದು. ನಿನ್ನ ಕಂಚು ಸವೆದಿದೆ, ಏಟು ಬಿದ್ದರೆ ಸೀಳುತ್ತದೆ. ನಿನ್ನನ್ನು ಕಾಪಾಡುವುದು ನನ್ನ ಕೆಲಸ," ಎಂದಿತು ಫಲಕ.

"ಮಂಜಿನಲ್ಲಿ ಸಿಕ್ಕವರನ್ನು ಕರೆಯಲೆಂದೇ ನನ್ನನ್ನು ಎರಕ ಹೊಯ್ದದ್ದು."

"ಅದು ಆಗಿನ ಮಾತು. ಈಗ ನೀನು ನೋಡುವ ವಸ್ತು."

ಅಷ್ಟರಲ್ಲಿ ಚರ್ಚನ್ನು ನೋಡಿಕೊಳ್ಳುವ ಮುದುಕಿ ಎಫಿ ಓಡಿ ಬಂದಳು. ಫಲಕವನ್ನು ಪಕ್ಕಕ್ಕೆ ಕೆಡವಿ, "ಸ್ವಲ್ಪ ತಡೆದುಕೋ, ತಾಯಿ," ಎಂದು ಗಂಟೆಗೆ ಹೇಳಿ, ಸುತ್ತಿಗೆಯಿಂದ ಬಾರಿಸತೊಡಗಿದಳು. ದೋಣಿ ದಡ ಮುಟ್ಟುವ ಹೊತ್ತಿಗೆ ಗಂಟೆ ಮೇಲಿನಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತ್ತು.

"ನೋಡಿದೆಯಾ? ಇನ್ನು ನೀನು ಮೊಳಗುವ ಹಾಗೇ ಇಲ್ಲ," ಎಂದಿತು ಫಲಕ.

"ಹನ್ನೊಂದು ಜನ ದಡ ಸೇರಿದರು," ಎಂದಿತು ಗಂಟೆ. "ಇನ್ನು ಸುಮ್ಮನಿರುವುದು ನನಗೆ ಕಷ್ಟವಲ್ಲ."