ಮಾಳವ್ವ ಇಟ್ಕೊಂಡ ಕಂಬಳಿ

ಭಾಳ ಹಿಂದ, ಹಳ್ಳದ ದಂಡಿಗೆ ಒಂದೂರಿತ್ತು. ಎಷ್ಟು ಹಿಂದ ಅಂತ ನನ್ನ ಕೇಳಬ್ಯಾಡ್ರಿ. ನಮ್ಮಜ್ಜಗ ಅವರಜ್ಜ ಹೇಳಿದ್ದು, ಅವಗ ಯಾರು ಹೇಳಿದ್ರೋ ಆ ಕುರಿಗಳಿಗೇ ಗೊತ್ತು. ಆ ಊರಾಗ ಮಾಳವ್ವ ಅಂತ ಒಬ್ಬಾಕಿ ಇದ್ಳು. ಮಂದಿ ನಾಯಿ ಮಾಳವ್ವ ಅಂತಿದ್ರು. ಎದುರಿಗೇ ಅಂದ್ರೂ ಆಕಿ ಸಿಟ್ಟಾಗ್ತಿದ್ದಿಲ್ಲ. ಹೌದಲ್ಲ ಮತ್ತ, ಅಂತಿದ್ಳಂತ.

ಕೂಸಿದ್ದಾಗ ಆಕಿ ತೊಟ್ಟಿಲದಾಗ ಮಲಗಿದಾಕಿ ಅಲ್ಲ, ಕುರಿಮರಿ ನಡುವ ಮಲಗಿ ಬೆಳದಾಕಿ ಅಂತಾರ. ಹಾಲ್ಹಲ್ಲು ಬೀಳೂಕಿಂತ ಮೊದಲ, ತಾಯಿ ಸತ್ತ ನಾಯಿಮರಿಗೆ ಅರಿವಿ ಬತ್ತಿ ಮಾಡಿ, ಕುರಿ ಹಾಲಾಗ ಅದ್ದಿ, ಚೀಪಿಸಿ ಬದುಕಿಸಿದ್ಳು ಅಂತಾರ. ದೊಡ್ಡಾಕಿ ಆದಮ್ಯಾಲ ಲಗ್ನ ಮಾಡಿ ಕೊಟ್ರು. ನಾಯಿ ಸಂಗಾಟನ ಹೋದ್ಳು. ಅತ್ತಿ ಒಂದಿನ, ಈ ಮನ್ಯಾಗ ನಾಯಿ ಇರಬೇಕೋ ನೀ ಇರಬೇಕೋ ಹೇಳಿಬಿಡು ಅಂದ್ಳಂತ. ಮಾಳವ್ವ ಸೀರಿ ಗಂಟು ತಗೊಂಡು ಹೊಸ್ತಿಲಾ ದಾಟಿದ್ಳು. ಮುಂದ ನಾಯಿ, ಹಿಂದ ಮಾಳವ್ವ. ಗಂಡ ಬಾಗಲದಾಗ ನಿಂತು ನೋಡಿದ. ನಗಬ್ಯಾಡ್ರಿ, ನಗೂ ಮಾತಲ್ಲ ಇದು.

ತವರಿಗೆ ಬಂದು ನಾಯಿ ಬೆಳಸೂದನ್ನ ಕಸಬು ಮಾಡ್ಕೊಂಡ್ಳು. ಉದ್ದ ಕಾಲಿನ, ಸಪೂರ ಹೊಟ್ಟಿಯ, ಗಾಳಿ ಜೋಡಿ ಓಡೂ ನಾಯಿ. ನೀವು ಜ್ವಾಳದ ತೆನಿ ಆರಿಸಿ ಬೀಜಕ್ಕ ಇಡ್ತೀರಲ್ಲ, ಹಂಗ ಆಕಿ ಸುತ್ತೂರು ತಿರುಗಿ, ಯಾವ ಹೆಣ್ಣಿಗೆ ಯಾವ ಗಂಡು ಅಂತ ನೋಡಿ ಕೂಡಸ್ತಿದ್ಳು. ಕಣ್ಣು ತೆರೀದ ಮರೀನ್ನ ಅಂಗೈಮ್ಯಾಲ ಇಟ್ಕೊಂಡು, ಇದು ಮೊಲಾ ಹಿಡಿತೈತಿ, ಇದು ಕುರಿ ಕಾಯ್ತೈತಿ ಅಂತಿದ್ಳಂತ. ಅಂದಂಗ ಆಗ್ತಿತ್ತಂತ. ನಾ ನೋಡಿಲ್ಲ. ನೋಡಿದವರು ಸುಳ್ಳು ಹೇಳೂ ಮಂದಿ ಅಲ್ಲ.

ನಾಯಿ ನಂಬಿದಷ್ಟು ಆಕಿ ಮನುಷ್ಯಾರನ್ನ ನಂಬತಿದ್ದಿಲ್ಲ. ಅದಕ್ಕೊಂದು ಕಾರಣ ಇತ್ತು. ಹಿಂದ ಒಬ್ಬಾವ ಸಿಹಿ ಸಿಹಿ ಮಾತಾಡಿ ಒಂದು ಮರಿ ಒಯ್ದಿದ್ದ. ಒಯ್ದು ದನಾ ಮೇಯೂ ಗ್ವಾದ್ಲಿಗೆ ಕಟ್ಟಿ ಮರತಬಿಟ್ಟ. ಅದು ಹಗ್ಗಾ ಕಡಕೊಂಡು, ತೆವಳಿಕೋತ ಬಂದು ಮಾಳವ್ವನ ಹೊಸ್ತಿಲದಾಗ ಜೀವಾ ಬಿಟ್ತು. ಆಕಿ ಅವತ್ತು ಉಣ್ಣಲಿಲ್ಲ. ಅವತ್ತಿನಿಂದ ಮರಿ ಕೇಳಾಕ ಬಂದವರಿಗೆ ಒಂದು ಕಟ್ಟಳೆ ಹಾಕಿದ್ಳು.

ಏನಪಾ ಅಂದ್ರ, ಮರಿ ಬೇಕಾದಾವ ತಾ ಹೊದ್ದ ಕಂಬಳಿ ಆಕಿ ಹತ್ರ ಇಟ್ಟು ಹೋಗಬೇಕು. ಮರಿ ಅದರಮ್ಯಾಲ ಮಲಗಿ ಆ ಮನಿ ವಾಸನಿ ಹಿಡೀತಿತ್ತು. ಅಷ್ಟರಾಗ ಮಾಳವ್ವ ಅವನ ಊರಿಗೆ ಹೋಗಿ, ನೀರು ಕೇಳೂ ನೆವಾ ಮಾಡಿ, ಅವನ ಎತ್ತಿನ ಪಕ್ಕಡಿ ಎಲಬು ಕಾಣ್ತಾವೇನು, ಅವನ ಕಾಲ ಸಪ್ಪಳಕ್ಕ ಕೋಳಿ ಓಡ್ತಾವೇನು ಅಂತ ನೋಡಿ ಬರತಿದ್ಳು. ಮನಸ್ಸಿಗೆ ಬಂದ್ರ ಅದೇ ಕಂಬಳ್ಯಾಗ ಮರಿ ಸುತ್ತಿ ಕೊಡ್ತಿದ್ಳು. ಬರಲಿಲ್ಲ ಅಂದ್ರ ಬರೀ ಕಂಬಳಿ ತಿರುಗಿ ಕೊಡ್ತಿದ್ಳು. ಆ ಕಂಬಳಿ ವಾಸನಿ ಹಿಡಿದ ನಾಯಿ ಆ ಮನುಷ್ಯಾಗ ಸಾಯೂತನಕ ಬೊಗಳತಿದ್ದಿಲ್ಲ ಅಂತಾರ.

ಹಿಂಗಿರುವಾಗ ಊರ ಹೊರಗ ಒಬ್ಬಾವ ಬಂದು ನೆಲಿಸಿದ. ಫಕೀರಪ್ಪ ಅಂತ ಹೆಸರು. ಪುಂಡಿ ನಾರಿನ ಹಗ್ಗಾ ಹೊಸ್ಯಾಂವ. ಹಿಂದಿಲ್ಲ ಮುಂದಿಲ್ಲ, ಒಂದು ಗುಡಿಸಲ, ನಾಕು ಕೋಳಿ, ಮೈಮ್ಯಾಲ ಒಂದ ಕಂಬಳಿ. ಅವನೂ ಮರಿ ಕೇಳಾಕ ಬಂದ. ಮಾಳವ್ವನ ಹೆಣ್ಣು ನಾಯಿ, ಚಂದ್ರಿ ಅಂತ, ಹುಟ್ಟಿದಾರಭ್ಯ ಪರ ಮಂದೀನ್ನ ಬಾಗಲಕ್ಕ ಬಿಟ್ಟದ್ದಲ್ಲ. ಅಂಥಾ ಚಂದ್ರಿ ಎದ್ದು ಹೋಗಿ ಫಕೀರಪ್ಪನ ಅಂಗೈ ನೆಕ್ಕಿತು.

ಮಾಳವ್ವ ಅವನ್ನ ಮ್ಯಾಲಿಂದ ಕೆಳಗ ನೋಡಿದ್ಳು. ಇವ ಯಾಂವ? ಏನು ತಿನ್ನಿಸಿದ? ಏನು ಮಾಟ ಮಾಡಿದ? ಆಕಿ ಹೊಟ್ಯಾಗ ಉರಿ ಬಿದ್ದಿತ್ತು, ಅದನ್ನ ಆಕಿ ಸಂಶೆ ಅಂತ ತಿಳಕೊಂಡ್ಳು. ಕಂಬಳಿ ಇಟ್ಟು ಹೋಗು, ನೋಡೂಣು ಅಂದ್ಳು.

ನೋಡಿದ್ಳು. ಮುಂಜಾನೆ ಹೋಗಿ ನೋಡಿದ್ಳು, ಸಂಜೀಕ ಹೋಗಿ ನೋಡಿದ್ಳು. ಅವ ಹಗ್ಗಾ ಹೊಸೀತಿದ್ರ ಕೋಳಿ ಅವನ ತೊಡಿಮ್ಯಾಲ ಕುಂತು ತೂಕಡಸ್ತಿದ್ದೂವು. ಮಾಳವ್ವಗ ಒಂದು ತಪ್ಪೂ ಸಿಗಲಿಲ್ಲ. ತಪ್ಪು ಸಿಗಲಿಲ್ಲ ಅಂದ್ರ ಎಲ್ಲೋ ಆಳದಾಗ ಐತಿ ಅಂತ ತಿಳಕೊಂಡ್ಳು. ಕಾಮಣಿ ಆದವರಿಗೆ ಕಂಡದ್ದೆಲ್ಲಾ ಹಳದಿ, ಏನು ಮಾಡ್ತೀರಿ? ಮರಿ ಕೊಡಲಿಲ್ಲ, ಕಂಬಳೀನೂ ಕೊಡಲಿಲ್ಲ. ಅವ ಬಂದು ಕೇಳಿದಾಗೆಲ್ಲ ನೋಡೂಣು, ನೋಡೂಣು ಅಂತ ಕಳಿಸಿದ್ಳು. ಚಳಿಗಾಲ ಬಂತು. ಕಂಬಳಿ ಮಾಳವ್ವನ ಪಡಸಾಲ್ಯಾಗ ಹಾಸಿದಲ್ಲೇ ಇತ್ತು. ಚಂದ್ರಿ ಅದರಮ್ಯಾಲ ಈದಿತು, ಮರಿ ಅದರಮ್ಯಾಲ ಹೊರಳಾಡಿ ಬೆಳದೂವು. ಊರ ಹಿರ್ಯಾ ಜಕ್ಕಪ್ಪ ಮೊದಲಾಗಿ ಕುರಿ ಇದ್ದವರೆಲ್ಲಾ ಆ ಸೂಲಿನ ಮರಿ ಒಯ್ದು ತಮ್ಮ ತಮ್ಮ ದಡ್ಡಿಗೆ ಬಿಟ್ರು. ದಡ್ಡಿ ಅಂದ್ರ ಗೊತ್ತಲ್ಲ, ಕುರಿಮರಿ ಕೂಡೂ ಮುಳ್ಳಬೇಲಿ.

ಮುಂದಿನ ಚಳಿಗಾಲಕ್ಕ ಆ ನಾಯಿ ದೊಡ್ಡೂವಾದೂವು. ಆಮ್ಯಾಲ ದಡ್ಡ್ಯಾಗಿನ ಕುರಿಮರಿ ಕಾಣದಂಗ ಆಗಾಕ ಹತ್ತಿದೂವು. ಹಾಡಾಹಗಲ, ಗಂಡಸರು ಕುರಿ ಮೇಸಾಕ ಹೋದಾಗ, ಹೆಣ್ಮಕ್ಕಳು ಕಟಗಿಗೆ ಹೋದಾಗ. ಇವತ್ತು ಇವರ ದಡ್ಡ್ಯಾಗ, ಎಂಟು ದಿನ ಬಿಟ್ಟು ಅವರ ದಡ್ಡ್ಯಾಗ. ನಾಯಿ ಇದ್ದಲ್ಲೇ ಇರತಿದ್ದೂವು, ಒಂದೂ ಬೊಗಳಿದ್ದು ಯಾರೂ ಕೇಳಲಿಲ್ಲ.

ಊರಾಗ ಗುಸುಗುಸು ಎದ್ದಿತು. ಕಾಯೂ ನಾಯೀನ ತಿಂತಾವು ಅಂದ್ರು ಕೆಲವರು. ಇನ್ನ ಕೆಲವರು ದನಿ ತಗ್ಗಿಸಿ, ಆ ನಾಯಿ ಯಾರ ಮಾತು ಕೇಳ್ತಾವು ವಿಚಾರ ಮಾಡ್ರಿ ಅಂದ್ರು. ಮಾಳವ್ವ ಒಲಿಮ್ಯಾಲ ಗಡಿಗಿ ಇಟ್ರ ಸಾಕು, ನೆರಿಮನ್ಯಾಕಿ ಬೆಂಕಿ ಕೇಳಾಕ ಬಂದು ಗಡಿಗ್ಯಾಗ ಹಣಿಕಿ ಹಾಕಿ ಹೋಗ್ತಿದ್ಳು. ಕುಂಬಳಕಾಯಿ ಕಳ್ಳ ಅಂದ್ರ ಎಲ್ಲಾರೂ ಹೆಗಲ ಮುಟ್ಟಿ ನೋಡ್ಕೊಳ್ಳೂ ಹಂಗಾತು ಊರು. ಮಾಳವ್ವನೂ ಸುಮ್ಮನ ಕೂಡಲಿಲ್ಲ. ದಡ್ಡಿ ದಡ್ಡಿಗೆ ಹೋಗಿ ನಾಯಿ ಬಾಯಾಗ ಬೆರಳಿಟ್ಟು ಮೂಸಿದ್ಳು, ಹೇಲು ಕೆದರಿ ಕುರಿಮರಿ ಕೂದಲಾ ಐತೇನು ನೋಡಿದ್ಳು. ಇರಲಿಲ್ಲ. ಅದನ್ನ ಹೇಳಿದ್ರ ನಂಬಾವರು ಯಾರು? ತಾ ಯಾರನ್ನ ನಂಬಿದ್ಳು, ಆಕಿನ್ನ ನಂಬಾಕ?

ಜಕ್ಕಪ್ಪ ಊರು ಕೂಡಿಸಿದ. ಕುರಿ ರಕ್ತದ ರುಚಿ ಹತ್ತಿದ ನಾಯಿ ಇಡಬಾರದು, ಅದು ಹಿರ್ಯಾರ ಮಾತು ಅಂದ. ಆ ಸೂಲಿನ ಎಲ್ಲಾ ನಾಯಿ, ಅವುನ್ನ ಹಡದ ಚಂದ್ರಿ, ಎಲ್ಲಾನೂ ಅಮಾಸಿ ದಿನ ಹಳ್ಳಕ್ಕ ಒಯ್ದು ಮುಗಿಸೂದು ಅಂತ ತೀರ್ಮಾನ ಆತು. ಹೊಟ್ಟಿಲೆ ಹುಟ್ಟಿದ ಮಕ್ಕಳಿಲ್ಲ ಮಾಳವ್ವಗ. ಆ ನಾಯೀನ ಮಕ್ಕಳು.

ಅಮಾಸಿ ಮುಂಜಾನೆ ಆಕಿ ಒಂದ ಮಾತು ಬೇಡಿಕೊಂಡ್ಳು. ಊರವರೆಲ್ಲಾ ಒಬ್ಬೊಬ್ಬರಾಗಿ ಜಕ್ಕಪ್ಪನ ದಡ್ಡಿಗೆ ಇಳಿದು ಒಂದು ಕುರಿಮರಿ ಎತ್ರಿ, ನಾಯಿ ಯಾರಿಗೆ ಬೊಗಳೂದಿಲ್ಲೋ ಅವನೇ ಕಳ್ಳ ಅಂದ್ಳು. ಆತು ಅಂದ್ರು. ಎಲ್ಲಾ ನಾಯೀನೂ ಅಲ್ಲೇ ತಂದು ಬಿಟ್ಟಿದ್ರು, ತನ್ನ ನಾಯಿ ಸುಮ್ಮನಿದ್ರೂ ಉಳಿದೂವು ಬಿಡಬಾರದಂತ. ಒಬ್ಬಾವ ಇಳಿದ, ಮೈಮ್ಯಾಲ ಬಂದೂವು. ಇನ್ನೊಬ್ಬಾವ ಇಳಿದ, ಧೋತರ ಹರದೂವು. ಮಾಳವ್ವ ಒಬ್ಬೊಬ್ಬರ ಮಾರಿ ದಿಟ್ಟಿಸಿ ನೋಡಿದ್ಳು. ಇವನೇನು? ಅಲ್ಲ. ಅವನೇನು? ಅವನೂ ಅಲ್ಲ. ಎಲ್ಲಾರೂ ಮುಗದರು. ಈಗ ನೀ ಇಳೀವಾ ಅಂದ ಜಕ್ಕಪ್ಪ.

ಮಾಳವ್ವ ಇಳಿದು ಮರಿ ಎತ್ತಿದ್ಳು. ನಾಯಿ ಒಂದೂ ತುಟಿ ಬಿಚ್ಚಲಿಲ್ಲ, ಬಾಲ ಬಡಕೊಂಡು ಸುತ್ತ ನಿಂತೂವು. ತಾ ತೋಡಿದ ಕುಣ್ಯಾಗ ತಾನ ನಿಂತಿದ್ಳು ಮಾಳವ್ವ, ಎದಿಗೆ ಒಂದು ಕುರಿಮರಿ ಅವಚಿಕೊಂಡು.

ಆಗ ಫಕೀರಪ್ಪ ಬಂದ. ನಾಯಿ ಕಟ್ಟಿ ಒಯ್ಯಾಕ ಹಗ್ಗಾ ಬೇಕಲ್ಲ, ಊರವರು ಅವಗ ಹೇಳಿ ಹೊಸಿಸಿದ್ರು. ಹೊಸ ಹಗ್ಗದ ಹೊರಿ ಹೆಗಲಮ್ಯಾಲ ಇಟ್ಕೊಂಡು ಬಂದ. ಅವನ್ನ ಕಂಡದ್ದ ತಡ, ನಾಯಿ ಎಲ್ಲಾ ಬೇಲಿ ಜಿಗಿದು ಹೋದೂವು. ಹೋಗಿ ಅವನ ಕಾಲಾಗ ಬಿದ್ದು ಹೊರಳಾಡಿದೂವು. ಚಂದ್ರಿ ಅಂತೂ ಅವನ ಪಾದದಮ್ಯಾಲ ತೆಲಿ ಇಟ್ಟು ಕಣ್ಣು ಮುಚ್ಚಿತು.

ಫಕೀರಪ್ಪ ಹಗ್ಗಾ ಹಾಕಾಕ ಬಗ್ಗಿದ. ಬಗ್ಗಿದಾವ ಹಗ್ಗಾ ಕೆಳಗ ಒಗದ.

"ಇವುನ್ನ ಯಾಕ ಕಟ್ತೀರಿ?" ಅಂದನಂತ. "ನನ್ನ ಕಟ್ರಿ. ಕುರಿಮರಿ ನಾ ಒಯ್ದೇನಿ."

ಎಲ್ಲಾ ಹೇಳಿದ. ಚಳಿ ಭಾಳ ಇತ್ತಂತ. ಈ ನಾಯಿ ಹತ್ರ ಬರತಿದ್ದೂವು, ಬೆಚ್ಚಗಾಗತಿತ್ತು ಅಂತ ದಡ್ಡಿ ಕಡೆ ಬಂದು ಕೂಡ್ತಿದ್ದನಂತ. ಒಂದಿನ ಒಂದು ಕುರಿಮರಿ ಒಯ್ದು, ಪ್ಯಾಟ್ಯಾಗ ಕೊಟ್ಟು, ಒಂದು ಕಂಬಳಿ ತಗೊಂಡ. ಆಮ್ಯಾಲಿನವು ಚಳಿಗೆ ಅಲ್ಲ, ಬೊಗಳಾವರಿಲ್ಲ ಅಂತ ಆಸೇಕ ಬಿದ್ದು ಒಯ್ದದ್ದು ಅಂತನೂ ಹೇಳಿದ, ಮುಚ್ಚಿಡಲಿಲ್ಲ. ಆಮ್ಯಾಲ ಮಾಳವ್ವನ ಕಡೆ ತಿರುಗಿದ.

"ನೀ ನನ್ನ ಕಳ್ಳನ್ನ ನೋಡಿದಂಗ ನೋಡಿದಿ, ಯಕ್ಕಾ. ಆಗ ನಾ ಇನ್ನ ಏನೂ ಕದ್ದಿದ್ದಿಲ್ಲ."

ಮಂದಿ ಬಡಿಗಿ ಎತ್ತಿದ್ರು. ಅಷ್ಟರಾಗ ಮಾಳವ್ವ ಕುರಿಮರಿ ಕೆಳಗ ಇಟ್ಟು, ಮಂದಿ ಸರಿಸಿಕೋತ ಮನಿಗೆ ನಡದ್ಳು. ತಿರುಗಿ ಬರುವಾಗ ಕೈಯಾಗ ಆ ಹಳೇ ಕಂಬಳಿ ಇತ್ತು, ಮೈತುಂಬ ನಾಯಿ ಕೂದಲಾ. ಊರೆಲ್ಲಾ ನೋಡುವಾಗ ಅದನ್ನ ಅವನ ಹೆಗಲಿಗೆ ಹೊದಿಸಿದ್ಳು.

"ಇದರ ಕಳುವು ಮೊದಲ ಆತು," ಅಂದ್ಳು. "ನಾ ಮಾಡಿದ್ದು. ಬಡಿಯೂದಿದ್ರ ನನ್ನಿಂದ ಹಿಡೀರಿ."

ಬಡಿಗಿ ಕೆಳಗ ಇಳದೂವು. ಜಕ್ಕಪ್ಪ, ನಾಯಿ ಬಿಟ್ಟುಬಿಡ್ರಿ ಅಂದ. ಕುರಿಮರಿ ಕಳಕೊಂಡವರ ದಡ್ಡಿಗೆಲ್ಲಾ ಫಕೀರಪ್ಪ ಹಗ್ಗಾ ಹೊಸೆದು ಕೊಡಬೇಕು, ಮಾಳವ್ವ ಅವರ ಕುರಿಮರಿ ಕಾಯಬೇಕು, ಅವರ ಮನಸ್ಸು ತುಂಬೂತನಕ ಅಂತ ತೀರ್ಪು ಹೇಳಿದ. ಇಬ್ಬರೂ ಹೂಂ ಅಂದ್ರು.

ಫಕೀರಪ್ಪ ಕಂಬಳಿ ಹೊದ್ದು ಗುಡಿಸಲ ಕಡೆ ಹೊಂಟ. ಚಂದ್ರಿ ಎದ್ದು ಅವನ ಹಿಂದ ನಡೀತು. ನಡುದಾರ್‍ಯಾಗ ನಿಂತು ಒಮ್ಮೆ ಮಾಳವ್ವನ ಕಡೆ ತಿರುಗಿ ನೋಡಿತು. ಕರದಿದ್ರ ಬರತಿತ್ತು. ಆಕಿ ಕರೀಲಿಲ್ಲ. ಸೆರಗು ಬಾಯಿಗೆ ಹಿಡಕೊಂಡು ನಿಂತ್ಳು, ಚಂದ್ರಿ ಕಾಣದಂಗ ಆಗೂತನಕ ನಿಂತ್ಳು ಅಂತಾರ.

ಈಗ ಮಾಳವ್ವ ಇಲ್ಲ, ಫಕೀರಪ್ಪ ಇಲ್ಲ, ಆ ಊರು ಯಾವುದು ಅಂತ ಕೇಳಿದ್ರ ಮೂರೂರವರು ನಮ್ಮದ ಅಂತಾರ. ಆದ್ರ ನಮ್ಮ ಕಡೆ ಇವತ್ತಿಗೂ ನಾಯಿಮರಿ ಕೇಳಾಕ ಹೋದವರು ಕಂಬಳಿ ಇಟ್ಟು ಬರತಾರ, ಕಂಬಳಿ ಇಲ್ಲದವರು ಟವೆಲ್ ಇಟ್ಟು ಬರತಾರ. ಮರಿ ಕಣ್ಣು ತೆರಿಯೂದರೊಳಗ ಮಾತು ಮುಗೀಬೇಕು. ಕೊಡೂದಿದ್ರ ಅದರಾಗ ಸುತ್ತಿ ಮರಿ ಕೊಡಬೇಕು, ಇಲ್ಲಂದ್ರ ಒಂದು ರೊಟ್ಟಿ ಸುತ್ತಿ ಕಂಬಳಿ ತಿರುಗಿ ಮುಟ್ಟಸಬೇಕು. ಕೊಡುವಾಗ, ಮಾಳವ್ವನ ಆಣಿ, ನಿನ್ನಮ್ಯಾಲ ಸಂಶೆ ಇಲ್ಲ ಅನಬೇಕು. ಇದ್ರೂ ಅನಬೇಕು. ತಗೊಂಡಾವ ಆ ಕಂಬಳಿ ಝಾಡಿಸಬಾರದು. ನಾಯಿ ಕೂದಲಾ ಹತ್ತಿದ್ದು ಹತ್ತಿದಂಗ ಹೊದಕೊಂಡು ಮನಿಗೆ ಹೋಗಬೇಕು.