ಕಿಸೆ ಸೇರಿದ ಕೈ

ಗದಗಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರ ನಡೆಸುವವನು ಮೈಲಾರಪ್ಪ. ಅವನ ಆಸ್ಪತ್ರೆ ವಿಮೆಯ ಕಂತು ಉಳಿಸಲು ಪ್ರೆಸ್ಸಿನ ಮಾಲೀಕರಾದ ಸಾಹುಕಾರರು ಉಪಾಯ ಹೂಡಿದರು. ಶಾಲು ಹೊದಿಸಿ, "ಇವತ್ತಿಂದ ನೀ ಸೂಪರ್‌ವೈಸರ್. ಸೂಪರ್‌ವೈಸರ್‌ಗೆ ಕಂಪನಿ ವಿಮೆ ಇಲ್ಲ," ಎಂದರು.

ಮೈಲಾರಪ್ಪ ಕೈಮುಗಿದ. ಮುಗಿದ ಕೈಗಳನ್ನು ಹಾಗೇ ಕಿಸೆಗೆ ಇಳಿಸಿದ.

ಮಧ್ಯಾಹ್ನ ಲಗ್ನಪತ್ರಿಕೆಗಳು ಯಂತ್ರದಲ್ಲಿ ಸಿಕ್ಕಿಬಿದ್ದವು. ಮದುವೆಯವರು ಬಾಗಿಲಲ್ಲೇ ಕೂತಿದ್ದರು.

"ಕೈ ಹಾಕಿ ತೆಗಿಯೋ!" ಸಾಹುಕಾರರು ಕೂಗಿದರು.

"ವಿಮೆ ಇಲ್ಲದ ಕೈರೀ ಸಾಹುಕಾರ್ರ, ಅಂಜತೈತಿ."

ಸಾಹುಕಾರರು ಸಿಟ್ಟಿನಿಂದ ತೋಳೇರಿಸಿ ತಾವೇ ಕೈ ಚಾಚಿದರು. ಮೇಲೆ ಅಲಗು ಫಳಫಳ ಹೊಳೆಯಿತು.

"ನಿಮ್ಮ ಕೈಗೆ ವಿಮೆ ಐತೇನ್ರಿ?" ಮೈಲಾರಪ್ಪ ಮೆಲ್ಲಗೆ ಕೇಳಿದ.

ಚಾಚಿದ ಕೈ ಸರಕ್ಕನೆ ಸಾಹುಕಾರರ ಕಿಸೆ ಸೇರಿತು.

"ನಿನ್ನ ವಿಮೆ ಮುಂದುವರಸ್ತೀನಿ ಮಾರಾಯಾ, ಮೊದಲು ಪತ್ರಿಕೆ ತೆಗಿ!"

ಮೈಲಾರಪ್ಪ ಶಾಲು ತೆಗೆದು ಅವರ ಹೆಗಲಿಗೇ ಹೊದಿಸಿದ.

"ಕೈ ಕಿಸೆದಾಗ ಚಲೋ ಕೂತೈತ್ರಿ. ಸೂಪರ್‌ವೈಸರ್ ನೀವ ಆಗ್ರಿ."