ಮುಂಗಡವಾಗಿ ಬರೆದ ತೃಪ್ತಿ

ಮಕ್ಕಳ ಆಸ್ಪತ್ರೆಯ ಮುಖ್ಯ ವೈದ್ಯ ವಿರೂಪಾಕ್ಷಯ್ಯನವರು ಗುಮಾಸ್ತೆ ದ್ಯಾಮಕ್ಕನನ್ನು ಕರೆದರು. "ದಿನಾ ಮಕ್ಕಳನ್ನು ನೋಡಿ ಬರೆಯೋಕೆ ನನಗೆಲ್ಲಿ ಪುರುಸೊತ್ತು? ವಾರ್ಡಿನ ಪುಸ್ತಕ ತಿಂಗಳ ಕೊನೆವರೆಗೂ ಈಗಲೇ ತುಂಬಿಬಿಡು. ಎಲ್ಲ ತೃಪ್ತಿಕರ ಅಂತಿರಲಿ," ಎಂದರು. ದ್ಯಾಮಕ್ಕ ಆಗಲೇ ಕೂತು ಕೊನೆಯ ಪುಟದವರೆಗೂ ತುಂಬಿದಳು.

ಮೊದಲೇ ತಿಳಿಸಿದ್ದಂತೆ ಶುಕ್ರವಾರ ಮೇಲಿನ ಕಚೇರಿಯಿಂದ ತಪಾಸಣೆಗೆ ಬಂದ ಹೊಸಮನಿ ಮೇಡಂ ವಿರೂಪಾಕ್ಷಯ್ಯನವರ ಎದುರು ಕೂತು ಪುಸ್ತಕ ತೆರೆದರು. ಆ ದಿನದ ಪುಟದಲ್ಲಿ, 'ಹೊಸಮನಿ ಮೇಡಂ ಬಂದರು, ಎಲ್ಲ ಮಕ್ಕಳನ್ನೂ ನೋಡಿದರು, ತೃಪ್ತರಾಗಿ ಹೋದರು' ಎಂದಿತ್ತು. ಅವರಿಗೆ ತಲೆಬುಡ ತಿಳಿಯಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

"ನಾನಿನ್ನೂ ವಾರ್ಡಿಗೇ ಹೋಗಿಲ್ಲವಲ್ಲಮ್ಮ?"

"ಡಾಕ್ಟರೂ ಹೋಗಿಲ್ಲ ಮೇಡಂ. ತಿಂಗಳಿಡೀ ತುಂಬು ಅಂದರು. ನೀವು ಬರೋ ದಿನವೂ ಈ ತಿಂಗಳಲ್ಲೇ ಇತ್ತಲ್ಲ, ಅದನ್ನೂ ತುಂಬಿದೆ," ಎಂದಳು ಪಕ್ಕದಲ್ಲಿ ನಿಂತಿದ್ದ ದ್ಯಾಮಕ್ಕ.

ಮೇಡಂ ಪುಸ್ತಕ ಮುಚ್ಚಿ ಎದ್ದರು. "ನಡೀರಿ ಡಾಕ್ಟರೇ, ಮಕ್ಕಳನ್ನೇ ನೋಡೋಣ."

ವಾರ್ಡು ಎಡಕ್ಕೋ ಬಲಕ್ಕೋ ತಿಳಿಯದೆ ವಿರೂಪಾಕ್ಷಯ್ಯನವರು ದ್ಯಾಮಕ್ಕನ ಮುಖ ನೋಡಿದರು.